ಗೇಟು ಬಿದ್ದೈತಿ

ಮಂಡಕ್ಕಿ ಚೀಲದಲ್ಲಿ ಹಾಕಿಕೊಂಡು ಬಂದಿದ್ದ ಕ್ಯಾಬಿನೆಟ್ಟನ್ನು.
ಹಗುರಕ್ಕೆಂದೇ ಹೊಲಿದ ಚೀಲ,
ಒಂದು ಮೂಲೆ ಬಿಚ್ಚಿಕೊಂಡು ವೈರು ಇಣುಕುತ್ತಿತ್ತು.
"ನೋಡಣ್ಣ," ಅಂದ ತೌಸೀಫ್, "ಏನೂ ಫರಕಿಲ್ಲ."

ಕಾರ್ಡು ಮಾರಿದವನು ನಾನೇ.
ಹದಿಮೂರು ದಿನದ ಹಿಂದೆ, ಇದೇ ಮೇಜಿನ ಮೇಲೆ
ಹತ್ತೊಂಬತ್ತು ಸಾವಿರ ಎಣಿಸಿದ್ದೆ.
ನೋಟಿಗೆ ಭತ್ತದ ಹೊಟ್ಟು ಸುಟ್ಟ ವಾಸನೆ.
ಎಂಟು ತಿಂಗಳು ಭಟ್ಟಿಯ ಮುಂದೆ ಜರಡಿ ಹಿಡಿದ ದುಡ್ಡು,
ಅವನೇ ಹೇಳಿದ್ದ.
ನಾನು ಎರಡನೇ ಸಲ ಎಣಿಸುತ್ತಿದ್ದೆ.

ಖಾಲಿ ಡಬ್ಬಿ ಇನ್ನೂ ಮನೆಯ ಶೋಕೇಸಿನಲ್ಲಿದೆಯಂತೆ,
ಪಕ್ಕದ ಮನೆಯಾಕೆ ಮಿಕ್ಸರ್ ಅಂದುಕೊಂಡು
ಎಷ್ಟು ಜಾರು ಬರ್ತಾವೆ ಅಂತ ಕೇಳಿದಳಂತೆ.

ಸ್ವಿಚ್ಚು ಹಾಕಿ ನೋಡಿದೆ.
ಯುದ್ಧಭೂಮಿ ಬಂತು, ಸೈನಿಕ ಓಡಿದ,
ಓಡುತ್ತ ಓಡುತ್ತ ಒಂದು ಕಾಲೆತ್ತಿ ಗಾಳಿಯಲ್ಲೇ ನಿಂತ
ಗಾರೆ ಬೊಂಬೆಯ ಹಾಗೆ.
ಚಿತ್ರದ ಗುಣಮಟ್ಟ ಇಳಿಸಿದೆ: ನಲವತ್ತೊಂದು ಫ್ರೇಮು.
ತುದಿಯವರೆಗೆ ಏರಿಸಿದೆ: ನಲವತ್ತೊಂದೇ.
ಆಗ ತಿಳಿಯಿತು.
ಬೆರಳಿಟ್ಟರೆ ಕಾರ್ಡು ತಣ್ಣಗಿದೆ,
ಅದರ ಎರಡು ಫ್ಯಾನು ಒಂದು ಸುತ್ತು ತಿರುಗಿ
ಮತ್ತೆ ಕೈಕಟ್ಟಿ ಕೂತಿವೆ,
ಮುಹೂರ್ತಕ್ಕೆ ಮುಂಚೆ ಬಂದ ವಾಲಗದವರಂತೆ.
ಪಕ್ಕದಲ್ಲಿ ಹತ್ತು ವರ್ಷದ ಮುದಿ ಪ್ರೊಸೆಸರು
ನೂರಕ್ಕೆ ನೂರು ಏದುಸಿರು.

"ಅಶೋಕ ರಸ್ತೆಯ ರೈಲ್ವೆ ಗೇಟು ಗೊತ್ತಲ್ಲ," ಅಂತ ಶುರು ಮಾಡಿದೆ,
"ಗೇಟಿನ ಆಚೆ ನೀನು ಎಷ್ಟಗಲ ರಸ್ತೆ ಮಾಡಿದರೂ..."
"ಗೇಟು ಯಾಕಣ್ಣ, ನಮ್ಮ ಭಟ್ಟಿನೇ ಐತಲ್ಲ.
ಹೋದ ವರ್ಷ ಅಬ್ಬಾ ದೊಡ್ಡ ಬಾಂಡ್ಲಿ ತಂದ್ರು.
ಮರಳು ಕಾದು ಕುಂತಿತ್ತು.
ಅಕ್ಕಿಗೆ ಉಪ್ಪುನೀರು ಆಡಿಸಿ ಕೊಡೋರು ಒಬ್ರೇ, ನಮ್ಮ ನಾನಿ.
ನಾನಿ ಕೈಗೆ ಎಪ್ಪತ್ತು ವರ್ಷ.
ಬಾಂಡ್ಲಿ ಎಷ್ಟು ದೊಡ್ಡದಾದ್ರೇನು,
ಕೈ ಅಷ್ಟೇ."

ಆಮೇಲೆ, ಸಿಟ್ಟಿಲ್ಲದೆ, ಸ್ಕ್ರೂ ಡಬ್ಬಿ ಅಲ್ಲಾಡಿಸುತ್ತ:
"ಮನೆಯಾಗೆ ಏನೈತಿ ಅಂತ ನೀನು ಕೇಳಲೇ ಇಲ್ಲ, ಕೊಟ್ರೇಶಣ್ಣ."

ಕೇಳಲಿಲ್ಲ.
ಅವತ್ತು ಅಂಗಡಿ ಬಾಡಿಗೆಯ ದಿನ.
ಕೇಳಿದ್ದರೆ ಅವನು ಹೇಳುತ್ತಿದ್ದ,
ಹೇಳಿದ್ದರೆ ನಾನು ಬೇಡ ಅನ್ನಬೇಕಿತ್ತು.
ಹದಿನೆಂಟು ವರ್ಷ ಈ ಕುರ್ಚಿ ಸವೆಸಿ ಕಲಿತದ್ದು ಇದು:
ಯಾವುದನ್ನು ಕೇಳಬಾರದು.

ವಾಪಸು ಕೊಡಲು ಗಲ್ಲಾದಲ್ಲಿ ದುಡ್ಡಿರಲಿಲ್ಲ.
ಹೊಸ ಪ್ರೊಸೆಸರು ಅಂದರೆ ಹೊಸ ಬೋರ್ಡು,
ಹೊಸ ಬೋರ್ಡು ಅಂದರೆ ಹೊಸ ರ‍್ಯಾಮು,
ಅಂದರೆ ಇನ್ನೆಂಟು ತಿಂಗಳ ಜರಡಿ.
ಬಿಲ್ಲು ಬರೆಯುವ ನನ್ನ ಕಂಪ್ಯೂಟರನ್ನೇ ಆರಿಸಿ
ಅದರೊಳಗಿಂದ ಒಂದು ರ‍್ಯಾಮು ಕಿತ್ತು
ಅವನದರ ಖಾಲಿ ಸ್ಲಾಟಿಗೆ ಒತ್ತಿದೆ. ಟಕ್ ಅಂತು.
ನಲವತ್ತೊಂಬತ್ತು.
ಅರವತ್ತಲ್ಲ.

ಆಡಿದ. ಸತ್ತ. ಮತ್ತೆ ಆಡಿದ.
"ಒಂದು ಮಾತ್ರ ಆಗೈತಣ್ಣ,"
ಪರದೆಯಿಂದ ಕಣ್ಣು ತೆಗೆಯದೆ ಅಂದ,
"ಸಾಯೋ ಮುಂಚೆ ಗುಂಡಿ ನೀರಿನಾಗೆ ಮೋಡ ಕಾಣ್ತಾವೆ ಈಗ.
ಮೊದಲು ಬರೇ ಕೆಸರಿತ್ತು."

ಅವತ್ತಿನಿಂದ ನನ್ನ ಬಿಲ್ಲಿನ ಕಂಪ್ಯೂಟರಿಗೆ
ಒಂದು ಹೆಸರು ಬರೆಯಲು
ಅರ್ಧ ಚಹಾ ಕುಡಿಯುವಷ್ಟು ಹೊತ್ತು ಬೇಕು.
ಮೇಜಿನಾಚೆ ಗಿರಾಕಿ ಬೆರಳು ಬಡಿಯುತ್ತಾರೆ.
"ಗೇಟು ಬಿದ್ದೈತ್ರಿ, ತಡೀರಿ," ಅನ್ನುತ್ತೇನೆ,
ಆ ಹೊತ್ತಿನಲ್ಲಿ, ಕಪ್ಪು ಕೆಳಗಿಟ್ಟು,
"ಅಂದಂಗೆ, ಮನೆಯಾಗೆ ಯಾವ ಮಷೀನೈತಿ?"