ಕೆಟ್ಟ ಕಾರ್ಡಿನ ಹಿಂಬದಿ

ವರನ ಹೆಸರಿನ್ಯಾಗ ಒಂದು ಒತ್ತು ತಪ್ಪಿ
ಮುನ್ನೂರು ಲಗ್ನಪತ್ರಿಕೆ ಕೆಟ್ಟು ಕುಂತಾವ
ಕಪಡಾ ಬಜಾರಿನ ಹಿಂದಿನ ಗಲ್ಲಿಯ ನಮ್ಮ ಪ್ರೆಸ್ಸಿನ್ಯಾಗ.
ಆ ಒತ್ತು ನಂದೇ. ಅದರ ಮಾತು ಈಗ ಬ್ಯಾಡ.
ಮುಂದ ಬಂಗಾರದ ಗಣಪ್ಪ, ಹಿಂದ ಬರೀ ಬಿಳಿ.
ಚಹಾದ ಉದ್ರಿ, ಕಾಗದದ ಲೆಕ್ಕ, ಯಾರ್ಯಾರದೋ ಫೋನ್ ನಂಬರು,
ಎರಡು ವರ್ಷದಿಂದ ಎಲ್ಲ ಅವುಗಳ ಬೆನ್ನಿಗೇ.
ಮೊನ್ನೆ ನಾಗಿಂದ್ರ ಒಂದು ತಗೊಂಡು ಬರದ:
ಶನಿವಾರ. ಐತವಾರ. ಗುಡ್ಡ.

ಗುಡ್ಡ ಗೇನೂಂದು. ಕಟಿಂಗ್ ಮಷೀನಿನ ಗೇನು ರಾಠೋಡ,
ದಿನಕ್ಕ ನಾಕು ಮಾತಾಡಿದ್ರ ಹೆಚ್ಚು.
ದಾರಿ ಕೇಳಿದ್ವಿ. ಮಷೀನು ನಿಲ್ಲಿಸಿ ಹೇಳಿದ:

ಚಿಂಚೋಳಿ ಬಸ್ಸು, ಮುಂಜಾನೆ ಆರೂನಲವತ್ತಕ್ಕ.
ಎಡಗಡಿ ಕಿಡಕಿ ಹಿಡೀರಿ, ಬಿಸಿಲು ಬಲಕ್ಕ ಬೀಳ್ತದ.
ಅಲ್ಲಿಂದ ಜೀಪು. ತುಂಬೋ ತನಕ ಬಿಡಂಗಿಲ್ಲ,
ತುಂಬಿದ ಮ್ಯಾಲ ಇನ್ನಾ ಆರು ಮಂದಿ ಹತ್ತತಾರ.
ಕಾಡು ಸುರುವಾಗಿ ಮೂರನೇ ತಿರುವಿನ್ಯಾಗ
ಸಿಡಿಲು ಹೊಡೆದ ಹುಣಸಿಮರ. ಅಲ್ಲಿ ಇಳೀರಿ.
ಸ್ಟಾಪ್ ಅಲ್ಲ ಅದು. ಚೀರಬೇಕು.
ಆಮ್ಯಾಲ ಕೆಂಪು ಮಣ್ಣು, ಒಂದು ಹಳ್ಳ, ಕಾಲುಹಾದಿ.
ಎಷ್ಟು ದೂರ? ಅಂದ ನಾಗಿಂದ್ರ.
ಎರಡು ಬೀಡಿ ದೂರ. ಹತ್ತುವಾಗ ನಾಕು.

ನಾಗಿಂದ್ರ ಬರದ: ಬ್ಯಾಟ್ರಿ, ಚಾರ್ಜರ್, ಚಾದರ್ ಐದು.
ಬೈಂಡಿಂಗಿನ ಜಗದೇವಿ: ರೊಟ್ಟಿ ನಲವತ್ತು, ಶೇಂಗಾ ಹಿಂಡಿ.
ಮೈನೋದ್ದೀನ್ ಚಾಚಾ: ಒಂದು ಡಬ್ಬಿ ತಹರಿ,
ಮೊಣಕಾಲಿಗೆ ಹಚ್ಚೋ ಎಣ್ಣಿ.
ನನಗ ಕೇಳೋದು ಎರಡಿತ್ತು.
ಒಂದು ಕೇಳಿದೆ, ರಾತ್ರಿ ಮಲಗೋದೆಲ್ಲಿ?
ನಮ್ಮಕ್ಕನ ಮನಿ. ಹೆಣಮಕ್ಕಳು ಒಳಗ, ನಾವು ತೊಗರಿ ಹೊಲದಾಗ.
ಎರಡನೇದು ಕೇಳಲಿಲ್ಲ.
ಅವನೇ ನೆಲ ನೋಡ್ಕೋತ ಅಂದ:
ಅಕ್ಕ ಹೋದ ವರ್ಷ ಕಟ್ಟಿಸ್ಯಾಳ. ಬಾಗಿಲ ಅದ. ಚಿಲಕ ಇಲ್ಲ.
ಪಟ್ಟಿಗೆ ಸೇರಿಸಿದೆ: ಚಿಲಕ ಒಂದು, ಮೊಳಿ ನಾಕು.

ಸಾವಕಾರ್ರು ಬಂದ್ರು, ಕನ್ನಡಕ ಏರಿಸಿ ಪಟ್ಟಿ ಓದಿದ್ರು,
ಶನಿವಾರದ ಮ್ಯಾಲ ಅರ್ಧಕ್ಕ ಒಂದು ಗೀಟು ಹೊಡೆದು
ಏನೂ ಅನ್ನದೆ ಒಳಗ ಹೋದ್ರು.
ಅಂದ್ರ ಮಧ್ಯಾಹ್ನದ ಬಸ್ಸು. ಬಿಸಿಲು ಬೆನ್ನಿಗೆ,
ಕಿಡಕಿ ಯಾವುದಾದ್ರೇನು.
ಆದ್ರ ಕತ್ತಲದಾಗ ಹುಣಸಿ ಹ್ಯಾಂಗ ಕಾಣಬೇಕು?
ಅಕ್ಕ ನಿಂತಿರ್ತಾಳ, ಅಂದ ಗೇನು. ಗುರುವಾರಕ್ಕೊಮ್ಮೆ
ಫೋನಿಗಂತ ಬಂಡಿಗಲ್ಲು ಹತ್ತತಾಳ. ಹೇಳ್ತೀನಿ.

ಸಂಜಿಗೆ ಎಲ್ಲರೂ ಹೋದ ಮ್ಯಾಲ
ಖಾಲಿ ಸ್ಕ್ರೀನಿಗೆ ಚಾಷ್ಟಿ ಮಾಡ್ಲಿಕ್ಕ ಕುಂತೆ:
ಲಗ್ನದ ಫಾಂಟು, ಬಳ್ಳಿ ಅಂಚು,
ಸಕುಟುಂಬ ಸಪರಿವಾರ ಸಮೇತರಾಗಿ.
ಸ್ಥಳ: ಸೋಮನಗರ.
ಗೇನು ಹಿಂದ ನಿಂತಿದ್ದು ಗೊತ್ತಿರಲಿಲ್ಲ.
ಅದು ಬೋರ್ಡಿನ ಹೆಸರು, ಅಂದ.
ಅಳಿಸಿದೆ. ಸ್ಥಳ: ಸೋಮ್ಲಾ ನಾಯಕ ತಾಂಡಾ.
ಅದು ರೇಷನ್ ಕಾರ್ಡಿಂದು.
ಮತ್ತ ನೀವು ಏನಂತೀರಿ?
ಊರೂರ ಹೆಸರಿನ ಅಂಚು ಕತ್ತರಿಸಿದ ಕೈ
ತಲಿ ಕೆರಕೊಂತು.
ನಾವಾ? ಮ್ಯಾಲ ಅಂತೀವಿ.
ಮ್ಯಾಲ ಹೋಗಮಿ. ಮ್ಯಾಲಿಂದ ಬಂದ. ಅಷ್ಟೇ.

ಸ್ಥಳ: ಮ್ಯಾಲ.
ಒತ್ತು ಅದನೋ ಇಲ್ಲೋ ಮೂರು ಸಲ ನೋಡಿದೆ.
ಒಂದೇ ಪ್ರತಿ ತೆಗೆದೆ.
ಆ ಒಂದಕ್ಕಾಗಿ ದೊಡ್ಡ ಮಷೀನು ಸುರು ಮಾಡಿ
ನಾಕೂ ಬದಿ ಕತ್ತರಿಸಿದ ಗೇನು,
ಸಾವಿರ ಕಾರ್ಡಿನ ಗಡ್ಡಿ ಕತ್ತರಿಸುವಷ್ಟೇ ಹುಷಾರಾಗಿ,
ಅಂಗಿ ಕಿಸೆಗೆ ಇಟ್ಕೊಂಡ.

ಮರುದಿನ ಚಾಚಾ ಅದನ್ನ ಈಸ್ಕೊಂಡು ಓದಿ, ಕೆಮ್ಮು ಬರೋ ತನಕ ನಕ್ಕ.
ಮ್ಯಾಲ ಹೋಗ್ಲಿಕ್ಕ ನನಗಿನ್ನಾ ಟೈಮದ, ಬೇಟಾ.
ಅಂದವನೇ ಎಣ್ಣಿ ಸೀಸಾ ಚೀಲದಾಗ ಇಟ್ಟ.

ಇವತ್ತು ಶುಕ್ರವಾರ.
ಚಿಲಕ ಇನ್ನಾ ತಂದಿಲ್ಲ.