ಕುಡಿಕೆ

ನೌಬಾದಿನ ನಮ್ಮ ಗ್ಯಾರೇಜಿನ ಹಿಂದೆ
ಹಳೆ ಕರೇಜಿನದೊಂದು ಬಾಯಿ ಇದೆ, ಜಾಲಿ ಮುಚ್ಚಿದ್ದು.
ಮೇ ತಿಂಗಳಲ್ಲೂ ತಣ್ಣನೆ ಉಸಿರು.
"ಕೆಳಗ ನೀರು ತಾನೇ ನಡೀತದ," ಅನ್ನುವರು ಖದೀರ್ ಮಿಯಾ,
"ಯಾರೂ ನೂಕಂಗಿಲ್ಲ. ಇಳಿಜಾರು ಗೊತ್ತಿದ್ದವಗ ಪಂಪ್ ಯಾಕ?"

ಕಾರ್ಬುರೇಟರೂ ಹಾಗೇ ಬದುಕಿತು ನಲವತ್ತು ವರ್ಷ:
ತೇಲುವ ಹಿತ್ತಾಳೆ ಬುರುಡೆ ಎದ್ದರೆ ಬಾಗಿಲು ಮುಚ್ಚಿ
ಇಳಿದರೆ ತೆರೆದು
ಎಂಜಿನ್ ಎಳೆದಷ್ಟು ಕೊಟ್ಟು, ಲೆಕ್ಕ ಕೇಳದೆ.

ಈಗ ಮೇತ್ರೆ ಸಾಹುಕಾರರ ಲಾರಿ.
ಮಿಲಿಟರಿ ಹರಾಜಿನ ಪೆಟ್ರೋಲ್ ಗಾಡಿ,
ಹಸಿರಿನ ಮೇಲೆ ಹಳದಿಯಲ್ಲಿ 'ಮೇತ್ರೆ ಶಾಮಿಯಾನಾ'.
ಹಂಡೆ ಕೊಪ್ಪರಿಗೆ ಹೊತ್ತು ಜನವಾಡದ ಇಳಿಜಾರಿನಲ್ಲಿ
ಬಿಕ್ಕಿ ಬಿಕ್ಕಿ ನಿಂತಿತಂತೆ, ಮೂರು ಸಲ.
ಎರಡನೇ ಪಂಕ್ತಿ ಕೂತರೂ ತಟ್ಟೆ ಬಂದಿರಲಿಲ್ಲ.
"ಇಂಜೆಕ್ಷನ್ ಹಾಕಿಬಿಡ್ರಿ" ಎಂದರು
ಹುಚ್ಚುನಾಯಿ ಕಡಿಸಿಕೊಂಡವರ ಹಾಗೆ.

ತಂತಿಯ ಸಿಕ್ಕು ಬಿಡಿಸುವುದು ನನ್ನ ಪಾಲು,
ಐಟಿಐ ಕಲಿತ ಒಬ್ಬಳೇ ನಾನು ಆ ಸಾಲಿನಲ್ಲಿ.
ಅದು ಕಷ್ಟವಲ್ಲ. ಕಷ್ಟ ಪೆಟ್ರೋಲಿನದು:
ಇಂಜೆಕ್ಟರಿಗೆ ಮೂರು ಬಾರ್ ಒತ್ತಡ ಬೇಕು,
ಹಳೆ ಪಂಪಿನ ಉಸಿರು ಅದರ ಹತ್ತನೇ ಪಾಲು.

ಟ್ಯಾಂಕಿನೊಳಗೇ ಹೊಸ ಪಂಪು ಮುಳುಗಿಸು, ತಂಪು, ಸದ್ದಿಲ್ಲ,
ಎನ್ನುತ್ತದೆ ಪುಸ್ತಕ.
ಆದರೆ ಟ್ಯಾಂಕಿನ ನೆತ್ತಿ ಕೊಯ್ಯಬೇಕು.
ಚಿದ್ರಿ ರೋಡಿನ ವೆಲ್ಡರ್ ಗಫೂರನಿಗೆ ಹುಬ್ಬಿಲ್ಲ.
ಖಾಲಿ ಟ್ಯಾಂಕು ಖಾಲಿಯಲ್ಲವೆಂದು ಕಲಿತ ದಿನ ಹೋದವು,
ಮತ್ತೆ ಬರಲಿಲ್ಲ.

ಹೊರಗೆ ಚಾಸಿಗೆ ಕಟ್ಟಿದರೆ ಅಗ್ಗ.
ಆದರೆ ಅಂಥ ಪಂಪು ತಳ್ಳಬಲ್ಲದು, ಎಳೆಯಲಾರದು.
ಇಳಿಜಾರಿನಲ್ಲಿ ಪೆಟ್ರೋಲು ಮುಂದಕ್ಕೆ ಓಡಿದಾಗ
ಗಾಳಿ ನುಂಗಿ ಚೀರುವುದು;
ಮತ್ತೆ ಅದೇ ಜನವಾಡ, ಅದೇ ಎರಡನೇ ಪಂಕ್ತಿ.

ಎರಡು ರಾತ್ರಿ ಚಿತ್ರ ಬರೆದೆ, ಅಳಿಸಿದೆ.
ಮಿಯಾ ಸುಮ್ಮನೆ ಕೂತಿದ್ದರು, ಬಿಚ್ಚಿದ ಕಾರ್ಬುರೇಟರನ್ನು
ಹಳೆ ಬನಿಯನ್ನಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು.
"ಮನ್ಯಾಗ ದೊಡ್ಡ ಹರವಿ ಇದ್ರೂ
ನಿಮ್ಮವ್ವ ಒಲಿ ಬಾಜೂಕ ಏನು ಇಟ್ಕೋತಾಳ?"
"ತಂಬಿಗಿ."
"ಮತ್ತ?"

ಒಂದೂವರೆ ಲೀಟರಿನ ಅಲ್ಯುಮಿನಿಯಂ ಕುಡಿಕೆ.
ಹಳೆ ಪಂಪು ಅದನ್ನು ತುಂಬುತ್ತಿರಲಿ,
ಹೊಸದು ಅದರ ತಳದಿಂದ ಕುಡಿಯಲಿ,
ಇಂಜೆಕ್ಟರು ಒಲ್ಲೆನೆಂದದ್ದು ಕುಡಿಕೆಗೆ,
ಕುಡಿಕೆ ಉಕ್ಕಿದ್ದು ಟ್ಯಾಂಕಿಗೆ.

"ಪೈಪಿಗೆ ಇಷ್ಟು ರೊಕ್ಕಾ?" ಸಾಹುಕಾರರ ತಕರಾರು.
ಹಳೆ ರಬ್ಬರು ತುಂಡಿಗೆ ನೀರು ತುಂಬಿ ಮೂರು ಬಾರ್ ಗಾಳಿ ಬಿಟ್ಟೆ.
ಅವರ ಇಸ್ತ್ರಿ ಅಂಗಿ ಒದ್ದೆಯಾಯಿತು.
ರೊಕ್ಕ ಬಂತು.

ಗುರುವಾರ ಸಂಜೆ. ಕುಡಿಕೆ ಇನ್ನೂ ಒಣಗಿತ್ತು,
ಎಂಜಿನ್ ತಿರುಗದೆ ಹಳೆ ಪಂಪು ಎತ್ತದು.
ಮಿಯಾ ಬಗ್ಗಿ, ಅದರ ಹೊಟ್ಟೆಯ ಕೆಳಗಿನ ತಗಡಿನ ನಾಲಗೆಯನ್ನು
ಹೆಬ್ಬೆರಳಿನಿಂದ ಒತ್ತತೊಡಗಿದರು,
ಚಕ್, ಚಕ್, ಚಕ್,
ನೂರಾದ ಮೇಲೆ ನಾನು ಎಣಿಸುವುದು ಬಿಟ್ಟೆ.

ಕೀಲಿ ತಿರುವಿದೆ. ಎರಡು ಸೆಕೆಂಡು
ಸೊಳ್ಳೆಯಂಥ ಸಣ್ಣ ರಾಗ. ನಿಂತಿತು. ಮುಳ್ಳು ಮೂರರಲ್ಲಿ.
"ಹಾಂ, ಪಂಪ್ ಹಚ್ಚು," ಎಂದರು ಮಿಯಾ.

ಟ್ಯಾಪೆಟ್ ಸದ್ದು ಕೇಳಿ ರಸ್ತೆಯಾಚೆಯ ಗಾಡಿ ಯಾರದೆಂದು ಹೇಳುವ ಕಿವಿ.
ನಾನು ಏನೂ ಹೇಳಲಿಲ್ಲ.
ಇನ್ನೊಮ್ಮೆ ತಿರುವಿದೆ, ಪೂರ್ತಿ;
ಎಂಜಿನ್ ಹೊತ್ತಿತು, ಕೆಮ್ಮದೆ.

ಅವರು ಕೈ ಚಾಚಿ ವಾಪಸ್ ಕೊಳವೆಯನ್ನು
ಬಳೆಗಾರ ಮುಂಗೈ ಅಳೆಯುವಂತೆ ಹಿಡಿದರು.
"ಬರ್ಲಕತ್ತದ," ಎಂದರು.
"ಉಳದದ್ದು ಮನಿಗಿ ಬರ್ಲಕತ್ತದ."

ಮೇತ್ರೆ ಕೇಳಿದರು: "ಆ ಕಾರ್ಬುರೇಟರ್ ಗುಜರಿಗಿ ಹಾಕ್ಲೇನು?"
ಅದೂ ಮಿಯಾಗೆ ಕೇಳಿಸಲಿಲ್ಲ.