ಕುಣಿಯ ಅಳತೆ

ನಕಾಶೆ ಗೋಡೆಗಿಂತ ದೊಡ್ಡದಾಗಿತ್ತು.
ಅದರ ಅಂಚು ಕಿಟಕಿಯ ಮೇಲೂ ಹಾಯ್ದು
ಪುರಸಭೆಯ ಸಭಾಭವನಕ್ಕೆ ಆ ಮಧ್ಯಾಹ್ನ
ಅರ್ಧ ಬೆಳಕು.
ಎರಡು ಸಾವಿರದ ನಲವತ್ತೊಂದರ ಗುಳೇದಗುಡ್ಡ:
ಹಳದಿ ಅಂದರೆ ವಾಸ, ನೀಲಿ ಅಂದರೆ ವ್ಯಾಪಾರ,
ನೇರಳೆ ಕೈಗಾರಿಕೆ,
ಗುಡ್ಡದ ಬುಡಕ್ಕೆ ಇನ್ನೂ ನೆಡದ ಒಂದು ಉದ್ಯಾನ.
ಬಣ್ಣ ತುಂಬಿದವರು ಧಾರವಾಡದ ಕಂಪನಿಯವರು;
ನಮ್ಮ ಹಳ್ಳ ಎಲ್ಲಿ ಎಂದು ಕೇಳಿದರೆ
ಪೆನ್ನಿನ ತುದಿ ಸ್ವಲ್ಪ ಹೊತ್ತು ಹುಡುಕಿತು.

ನಾನು ನಡಾವಳಿ ಬರೆಯುವವಳು.
ಹನ್ನೊಂದು ವರ್ಷದಿಂದ
ಜಗಳಕ್ಕೆ ಚರ್ಚೆ ಎಂದೂ
ಎದ್ದು ಹೋದವರಿಗೆ ಹಾಜರು ಎಂದೂ
ದುಂಡಗೆ ಬರೆದು ರೂಢಿ.

ವಿಷಯ ಒಂದು, ಮಾಸ್ಟರ್ ಪ್ಲಾನ್. ಚಹಾ ಬರುವುದರೊಳಗೆ ಮುಗಿಯಿತು.
ಅಷ್ಟು ವರ್ಷಗಳಿಗೆ ಒಂಬತ್ತು ನಿಮಿಷ.
ವಿಷಯ ಎರಡು, ಮನೆಪಟ್ಟಿಯ ದರ.
ಅಲ್ಲಿ ಸಿಕ್ಕಿಕೊಂಡಿತು ದಾರ.

"ಮನ್ಯಾಗ ಮಗ್ಗ ಇದ್ದರ ಅದು ಮನೀನೋ, ಕಾರ್ಖಾನೀನೋ?"
ಕೇಳಿದವರು ಆರನೇ ವಾರ್ಡಿನ ಮಕ್ತುಮಸಾಬ ರಂಗ್ರೇಜ.
ಮುಖ್ಯಾಧಿಕಾರಿ ಕಾಯ್ದೆ ತಿರುವಿದರು.
ನೆಲಮಾಳಿಗೆ ಇದೆ, ಮಹಡಿ ಇದೆ,
ಮೊಬೈಲ್ ಟವರು ಕೂಡ ಇದೆ;
ಕುಣಿಮಗ್ಗದ ಕುಣಿ ಇಲ್ಲ.
"ನೇಯಾಂವ ಅರ್ಧ ನೆಲದ ಕೆಳಗ, ಅರ್ಧ ಮ್ಯಾಲ.
ಮ್ಯಾಲಿನ ಅರ್ಧಕ್ಕಷ್ಟ ಹಾಕ್ರಿ ಪಟ್ಟಿ"
ಅಂದರು ಮೆಂಬರ್ ಚಿಲ್ಲಾಳ. ಎಲ್ಲರೂ ನಕ್ಕರು.
ಅಧ್ಯಕ್ಷೆ ನಗಲಿಲ್ಲ.
ಮೂವತ್ತು ವರ್ಷ ಕುಣಿಯಲ್ಲಿ ಕಾಲು ಇಳಿಬಿಟ್ಟವರು;
ತಿರುಗುವ ಕುರ್ಚಿಯಲ್ಲಿ ಕೂತಾಗಲೂ ಮೇಜಿನಡಿ
ಅವರ ಪಾದ ಒಂದಾದ ಮೇಲೊಂದು ತುಳಿಯುತ್ತಿರುತ್ತವೆ.

ಠರಾವು: ವಾಸಕ್ಕೆ ಶೇಕಡಾ ಮೂರು ಹೆಚ್ಚಳ, ವಾಣಿಜ್ಯಕ್ಕೆ ಐದು,
ಮಗ್ಗದ ಮನೆಗಳನ್ನು ಸ್ಥಳದಲ್ಲೇ ನೋಡಿ ತೀರ್ಮಾನಿಸತಕ್ಕದ್ದು.
ಸುದೀರ್ಘವಾಗಿ ಚರ್ಚಿಸಿ, ಸರ್ವಾನುಮತದಿಂದ,
ಎಂದು ಕೈ ತಾನೇ ಬರೆಯಿತು.

ಬಿಲ್ ಕಲೆಕ್ಟರ್ ರಜೆ ಹಾಕಿದ್ದ.
ಟೇಪು ಹಿಡಿದು ನಾನೇ ಹೋದೆ.
ಸರೂಬಾಯಿ ಕಾವಡೆ, ಆಸ್ತಿ ನಂಬರು ನಾಲ್ಕುನೂರಾ ಹನ್ನೆರಡು.
ಪಡಸಾಲೆ ಒಂಬತ್ತು ಫೂಟು, ಅಡುಗೆಮನೆ ಆರು.
ಕುಣಿಯೊಳಗೆ ಟೇಪಿನ ತುದಿ ಬಿಟ್ಟೆ,
ಎರಡೂವರೆ ಫೂಟಿಗೆ ನಿಂತಿತು.
ತಳದ ಮಣ್ಣಿನಲ್ಲಿ ನುಣುಪಾದ ಎರಡು ತಗ್ಗು, ಹಿಮ್ಮಡಿಯಷ್ಟು.
ಯಾರ ಹಿಮ್ಮಡಿ ಎಂದು ಕೇಳಲಿಲ್ಲ.
ಫಾರ್ಮಿನಲ್ಲಿ ಆ ಕಾಲಂ ಇಲ್ಲ.
ಮೇಲೆ ಅರ್ಧ ನೇಯ್ದ ಖಣ,
ನಕಾಶೆಯಲ್ಲಿ ಎಲ್ಲೂ ಇರದ ಕೆಂಪು.

"ಮಗ್ಗ ಅಂತ ಹಾಕಿದರ ಎಷ್ಟ ಆಗತೈತಿ?"
"ವರ್ಷಕ್ಕ ನೂರಾ ತೊಂಬತ್ತು ಹೆಚ್ಚಿಗಿ."
"ಹಾಕಲಿಲ್ಲಂದರ?"
"ಇಲ್ಲಿ ಮಗ್ಗ ಇಲ್ಲಂತ ಆಗತೈತಿ. ಮುಂದ ನೂಲಿನ ಸಬ್ಸಿಡಿ,
ಸಾಲ, ಯಾವುದರಾಗೂ ನಿಮ್ಮ ಹೆಸರ ಬರಂಗಿಲ್ಲ."

ಆಕೆ ಲಾಳಿ ಕೈಗೆತ್ತಿಕೊಂಡಳು, ಇಟ್ಟಳು.
ಗೋಡೆಯ ಮೇಲೆ ಸೀಮೆಸುಣ್ಣದ ಲೆಕ್ಕ,
ಎಷ್ಟು ಖಣ ಹೋದವು, ಎಷ್ಟು ರೊಕ್ಕ ಬಂತು.
ಆಕೆ ಗೋಡೆ ಓದಿದಳು, ನಾನು ಆಕೆಯ ತುಟಿ.
ಆಮೇಲೆ ಅಂದಳು,
"ಬರಿ ಮನಿ."

ಮನೆ ಅಂತ ಬರೆ ಎಂದಳೋ,
ಇದು ಬರೀ ಮನೆ ಎಂದಳೋ.
ನಡುವೆ ಒಂದು ಉಸಿರು ನಿಂತಿತ್ತೋ ಇಲ್ಲವೋ,
ಹಿತ್ತಿಲಿನಾಚೆ ಯಾರದೋ ಮಗ್ಗ ಬಡಿಯುತ್ತಿತ್ತು,
ತಿಳಿಯಲಿಲ್ಲ.
ಇನ್ನೊಮ್ಮೆ ಕೇಳಬಹುದಿತ್ತು.
ಎರಡೂ ಬೀಳುವುದು ಒಂದೇ ಕಾಲಮಿಗೆ.
ಹಳದಿ.

ಅದೇ ಟೇಪಿನಿಂದ ಮರುದಿನ
ಮೆಂಬರ್ ಚಿಲ್ಲಾಳರ ಹೊಸ ಮಳಿಗೆ ಅಳೆದೆ,
ಮಾರನೆಯ ವಾರ ಕಲ್ಯಾಣಮಂಟಪ, ಪೆಟ್ರೋಲ್ ಬಂಕು.
ಒರೆಸಿದರೂ ಹೋಗುವುದಿಲ್ಲ.
ಯಾರ ಗೋಡೆಗೆ ಹಿಡಿದರೂ
ಮೊದಲ ಎರಡೂವರೆ ಫೂಟು
ಮಣ್ಣಿನ ಬಣ್ಣ.